ಜೂಲಿಯಾ ಎಂಬ ಹೆಸರಿನ ಹಿಂದಿನ ಮನುಷ್ಯ

ಸಾಧಾರಣ ಗಣಕಯಂತ್ರದಲ್ಲಿ ಹಾಕಿಕೊಂಡು ನೋಡಬಹುದಾದ, ಕಾಸು ಕೊಡದೆ ದೊರೆಯುವ ಸಣ್ಣ ತಂತ್ರಾಂಶಗಳಲ್ಲಿ ಕ್ಸಾವೋಸ್ ಎಂಬುದೊಂದು. ಅದನ್ನು ತೆರೆದೊಡನೆ ಪರದೆಯ ನಡುವೆ ವಿಚಿತ್ರವಾದ ಒಂದು ಕರಿಯ ಆಕೃತಿ ಮೂಡುತ್ತದೆ. ಅದರ ಅಂಚಿನ ಯಾವುದಾದರೊಂದು ಎಡೆಯಲ್ಲಿ ಮೌಸಿನ ಎಡಗುಂಡಿಯನ್ನು ಒತ್ತಿ ಹಿಡಿದರೆ ಆ ಎಡೆಯು ಹಿಗ್ಗುತ್ತ ಹಿಗ್ಗುತ್ತ ಬಂದು, ಅಂಚಿನೊಳಗಿನಿಂದ ಸುರುಳಿ, ಸುರುಳಿಯೊಳಗಿನಿಂದ ಬಳ್ಳಿ, ಬಳ್ಳಿಯ ನಡುವೆ ಮತ್ತೆ ಆ ಮೊದಲಿನ ಆಕೃತಿಯೇ ಮರಿಯಾಗಿ ಕಾಣಿಸಿಕೊಳ್ಳುತ್ತದೆ. ಇಂತಹ ಚಿತ್ರಗಳಿಗೆ ಫ್ರ್ಯಾಕ್ಟಲ್ ಎಂದು ಹೆಸರು. ಆ ತಂತ್ರಾಂಶದ ಪಟ್ಟಿಯಲ್ಲಿ ಜೂಲಿಯಾ ಎಂಬ ಮಾತೊಂದಿದೆ. ಕಂಡವರು ಅದನ್ನು ಯಾರೋ ಹೆಣ್ಣುಮಗಳ ಹೆಸರೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಅದು ಒಂದು ಮನೆತನದ ಹೆಸರು. ಇಪ್ಪತ್ತೆರಡು ವರ್ಷ ತುಂಬುವ ಮೊದಲೇ ಯುದ್ಧಭೂಮಿಯಲ್ಲಿ ಮೂಗನ್ನು ಕಳೆದುಕೊಂಡು, ಉಳಿದ ಅರುವತ್ತಮೂರು ವರ್ಷಗಳನ್ನು ಮುಖದ ಮೇಲೊಂದು ತೊಗಲಿನ ಪಟ್ಟಿ ಕಟ್ಟಿಕೊಂಡು ಕಳೆದ ಫ್ರೆಂಚ್ ಗಣಿತಜ್ಞ ಗಾಸ್ತೋಂ ಜೂಲಿಯಾ ಅವರದು. ಅವರ ಜೀವನವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದು ನಾವು ಬಹುದಿನಗಳಿಂದ ಬಯಸಿದ್ದೆವು.

ಜೂಲಿಯಾ ಅವರು ಹುಟ್ಟಿದುದು ಫ್ರಾನ್ಸಿನಲ್ಲಿ ಅಲ್ಲ. ಆಗ ಫ್ರೆಂಚರ ಅಧೀನದಲ್ಲಿದ್ದ ಉತ್ತರ ಆಫ್ರಿಕಾದ ಅಲ್ಜೀರಿಯಾ ದೇಶದ ಸಿದಿ ಬೆಲ್ ಅಬ್ಬೆಸ್ ಎಂಬ ಊರಿನಲ್ಲಿ, ೧೮೯೩ನೆಯ ಫೆಬ್ರವರಿ ೩ರಂದು ಅವರ ಜನನವಾಯಿತು. ಅವರ ಹಿರಿಯರು ಸ್ಪೇನಿಗೂ ಫ್ರಾನ್ಸಿಗೂ ನಡುವಣ ಪಿರೆನೀಸ್ ಬೆಟ್ಟಸಾಲಿನ ಕಡೆಯವರು. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಬಂದವರು. ತಂದೆ ಜೋಸೆಫ್ ಜೂಲಿಯಾ ಬೇಸಾಯದ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ; ಆದರೆ ಹುಡುಗನು ತರಗತಿಗೆ ಮೊದಲಿಗನಾಗಿಯೇ ಇರಬೇಕೆಂಬ ಹಟ ತಾಯಿಗೆ ಇತ್ತು. ಆ ಹಟವನ್ನು ಮಗನು ಹುಸಿಮಾಡಲಿಲ್ಲ. ಐದನೆಯ ವಯಸ್ಸಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಅಕ್ಷರಾಭ್ಯಾಸ. ತರುವಾಯ ಓರಾನ್ ನಗರದ ಪ್ರೌಢಶಾಲೆ. ಅಲ್ಲಿಂದ ಮುಂದೆ ವಿದ್ಯಾರ್ಥಿವೇತನದ ಬಲದ ಮೇಲೆ ಪ್ಯಾರಿಸ್. ಊರು ಬಿಟ್ಟು ದೂರದ ಮಹಾನಗರಕ್ಕೆ ಬಂದು, ಸಣ್ಣ ಸಂಬಳದಲ್ಲಿ ಊರಿಗೂ ಕಳುಹಿಸಿ ತಾನೂ ಉಳಿಯುವುದೆಂದರೇನೆಂದು ಬಲ್ಲ ನಮ್ಮ ವಾಚಕರಿಗೆ ಆ ಹದಿನೇಳರ ಹುಡುಗನ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಯಾರಿಸಿಗೆ ಬಂದ ಹುಡುಗನಿಗೆ ವಿಷಮಶೀತಜ್ವರ ತಗುಲಿತು. ಓದಿಗೆಂದಿದ್ದ ಕಾಲದಲ್ಲಿ ಬಹುಭಾಗವನ್ನು ಹಾಸಿಗೆಯೇ ನುಂಗಿತು. ಹಾಗಿದ್ದೂ ೧೯೧೧ರಲ್ಲಿ ಎಕೋಲ್ ನಾರ್ಮಾಲ್ ಮತ್ತು ಎಕೋಲ್ ಪಾಲಿಟೆಕ್ನಿಕ್ ಎಂಬ ಆ ದೇಶದ ಎರಡು ಮಹಾವಿದ್ಯಾಲಯಗಳ ಪ್ರವೇಶಪರೀಕ್ಷೆಗಳಿಗೆ ಕುಳಿತು ಎರಡರಲ್ಲಿಯೂ ಮೊದಲನೆಯ ಸ್ಥಾನವನ್ನು ಗಳಿಸಿದನು. ಪಾಲಿಟೆಕ್ನಿಕ್ಕಿನಿಂದ ಹೊರಬಿದ್ದವರಿಗೆ ಸೇನೆಯಲ್ಲಿಯೂ ಸರಕಾರದಲ್ಲಿಯೂ ದೊಡ್ಡ ಹುದ್ದೆಗಳು ಕಾದಿರುತ್ತಿದ್ದವು. ನಾರ್ಮಾಲಿನಿಂದ ಹೊರಬಿದ್ದವರಿಗೆ ಬಹುಮಟ್ಟಿಗೆ ಮೇಷ್ಟರ ಕೆಲಸ. ಯಂತ್ರ ರಿಪೇರಿಯವನ ಮಗನು ಎರಡನೆಯದನ್ನೇ ಆರಿಸಿಕೊಂಡನು.

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತು. ಓದು ಮುಗಿಸಿದ ಬೆನ್ನಿಗೇ ಜೂಲಿಯಾ ಅವರಿಗೆ ಸೇನೆಯ ಕರೆ ಬಂದಿತು. ಕೆಲವು ತಿಂಗಳ ತರಬೇತಿಯಾದ ಮೇಲೆ ಕಾಲಾಳುಪಡೆಯ ಕಿರಿಯ ಅಧಿಕಾರಿಯಾಗಿ ಶೆಮಿನ್ ದೆ ದಾಮ್ ಎಂಬ ದಿಣ್ಣೆಸಾಲಿನ ಕಂದಕಗಳಿಗೆ ಅವರನ್ನು ಕಳುಹಿಸಿದರು. ೧೯೧೫ನೆಯ ಜನವರಿ ೨೫ರಂದು ಜರ್ಮನರು ಆ ಎಡೆಯ ಮೇಲೆ ಭಾರಿ ಗುಂಡಿನ ಮಳೆಗರೆದು ಏರಿಬಂದರು. ಜೂಲಿಯಾ ಅವರು ಅದಕ್ಕೆ ಮುಂಚೆ ಗುಂಡಿನ ಎದುರು ನಿಂತವರೇ ಅಲ್ಲ. ಒಂದು ಗುಂಡು ಮುಖದ ನಟ್ಟನಡುವೆ ಬಡಿಯಿತು. ಮಾತನಾಡಲು ಬಾಯಿ ಬಾರದು. ಹಿಂದಕ್ಕೆ ಒಯ್ಯಲು ಬಂದವರಿಗೆ, ತಾನು ಬರಲಾರೆನೆಂದು ಒಂದು ಚೀಟಿಯ ಮೇಲೆ ಬರೆದು ತೋರಿಸಿದರಂತೆ. ಶತ್ರುಗಳು ಹಿಮ್ಮೆಟ್ಟಿದ ಮೇಲೆಯೇ ಅವರು ಚಿಕಿತ್ಸೆಗೆ ಹೊರಟುದು. ಅವರಿಗೆ ಸಂದ ಪದಕದ ಜೊತೆಗಿನ ಬಿನ್ನವತ್ತಳೆಯಲ್ಲಿ ಸರಕಾರವೇ ಈ ಸಂಗತಿಯನ್ನು ಬರೆದಿದೆ. ಇಂತಹ ಬಿನ್ನವತ್ತಳೆಗಳಲ್ಲಿ ಅತಿಶಯೋಕ್ತಿ ಇರುವುದುಂಟು. ಆದರೆ ಆ ದಿನ ಅವರು ಕಳೆದುಕೊಂಡ ಮುಖದಲ್ಲಿ ಅತಿಶಯೋಕ್ತಿ ಏನೂ ಇರಲಿಲ್ಲ.

ಮೂಗು ಹೋಯಿತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ನಡೆಯಿತು. ಯಾವುದೂ ಅದನ್ನು ಮರಳಿ ಕಟ್ಟಿಕೊಡಲಿಲ್ಲ. ಬೇನೆ ಮಾತ್ರ ಉಳಿಯಿತು. ಕಡೆಗೆ ಮುಖದ ನಡುವೆ ಅಡ್ಡಲಾಗಿ ತೊಗಲಿನ ಪಟ್ಟಿಯೊಂದನ್ನು ಕಟ್ಟಿಕೊಳ್ಳುವುದೇ ಗತಿಯಾಯಿತು. ಅವರ ಭಾವಚಿತ್ರಗಳೆಲ್ಲದರಲ್ಲಿಯೂ ನಾವು ಮೊದಲು ಕಾಣುವುದು ಆ ಕಪ್ಪು ಪಟ್ಟಿಯನ್ನೇ. ಅದರ ಮೇಲೆ ತೀಕ್ಷ್ಣವಾದ ಎರಡು ಕಣ್ಣುಗಳು.

ಆಸ್ಪತ್ರೆಯ ಹಾಸಿಗೆಯ ಮೇಲೆ, ಒಂದು ಶಸ್ತ್ರಚಿಕಿತ್ಸೆಗೂ ಇನ್ನೊಂದಕ್ಕೂ ನಡುವಣ ದಿನಗಳಲ್ಲಿ ಜೂಲಿಯಾ ಅವರು ಗಣಿತವನ್ನು ಹಿಡಿದರು. ಹೀಗೆ ಸಿದ್ಧವಾದ ಪ್ರಬಂಧಕ್ಕೆ ೧೯೧೭ರಲ್ಲಿ ಡಾಕ್ಟರ್ ಪದವಿ ದೊರೆಯಿತು. ಅವರನ್ನು ಆರೈಕೆ ಮಾಡಿದ ದಾದಿಯರಲ್ಲಿ ಮರಿಯಾನ್ ಶೋಸೋಂ ಎಂಬವರೊಬ್ಬರು. ಪ್ರಸಿದ್ಧ ಸಂಗೀತರಚನಕಾರ ಎರ್ನೆಸ್ಟ್ ಶೋಸೋಂ ಅವರ ಮಗಳು. ೧೯೧೮ರಲ್ಲಿ ಇಬ್ಬರಿಗೂ ಮದುವೆಯಾಯಿತು. ಆರು ಮಂದಿ ಗಂಡುಮಕ್ಕಳು ಹುಟ್ಟಿದರು. ಅವರಲ್ಲಿ ಮಾರ್ಕ್ ಜೂಲಿಯಾ ರಸಾಯನಶಾಸ್ತ್ರದಲ್ಲಿ ಹೆಸರಾದರು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಓದುವ ಜೂಲಿಯಾ ಕ್ರಿಯೆ ಮಗನದು, ಗಣಿತದ ಜೂಲಿಯಾ ಗಣ ತಂದೆಯದು.

ಈ ಜೂಲಿಯಾ ಗಣ ಎಂದರೇನು? ಕಠಿಣವಾದ ವಿಷಯವೆಂದು ವಾಚಕರು ಪುಟ ಮಗುಚಬಾರದು. ಗಲ್ಲಾದ ಲೆಕ್ಕ ಬರೆಯುವವರಿಗೂ ಕಚೇರಿಯ ಗುಮಾಸ್ತರಿಗೂ ಇದರ ಅರ್ಧಭಾಗ ಈಗಾಗಲೇ ತಿಳಿದೇ ಇದೆ. ನಿನ್ನೆಯ ಆಖೈರು ಶಿಲ್ಕು ಇಂದಿನ ಆರಂಭದ ಶಿಲ್ಕಾಗುತ್ತದೆ. ಇಂದಿನ ಆಖೈರು ಶಿಲ್ಕು ನಾಳೆಯ ಆರಂಭ. ಹಾಗೆಯೇ ಒಂದು ಸಂಖ್ಯೆಯನ್ನು ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮತ್ತೆ ಅದರಿಂದಲೇ ಗುಣಿಸಿ, ಹೀಗೆ ನಡೆಸಿಕೊಂಡು ಹೋಗೋಣ. ೨ರಿಂದ ಹೊರಟರೆ ೪, ೧೬, ೨೫೬ ಎಂದು ಮೊತ್ತವು ಕೈಮೀರಿ ಓಡುತ್ತದೆ. ಅರ್ಧದಿಂದ ಹೊರಟರೆ ಕಾಲು, ಹದಿನಾರನೆಯ ಒಂದು ಎಂದು ಕರಗಿ ಸೊನ್ನೆಯ ಬಳಿಗೆ ಬರುತ್ತದೆ. ಒಂದರಿಂದ ಹೊರಟರೆ ಎಂದೆಂದಿಗೂ ಒಂದೇ.

ಗಣಿತಜ್ಞರು ಬಳಸುವ ಸಂಖ್ಯೆಗಳಲ್ಲಿ ಸಂಮಿಶ್ರ ಸಂಖ್ಯೆ ಎಂಬ ಜಾತಿಯೊಂದಿದೆ. ಅದಕ್ಕೆ ಎರಡು ಭಾಗ. ಪೂರ್ವಕ್ಕೆ ಇಷ್ಟು, ಉತ್ತರಕ್ಕೆ ಇಷ್ಟು ಎಂದು ವಿಳಾಸ ಹೇಳಿದ ಹಾಗೆ. ಆದುದರಿಂದ ಅಂತಹ ಒಂದೊಂದು ಸಂಖ್ಯೆಯೂ ಕಾಗದದ ಮೇಲೆ ಒಂದೊಂದು ಬಿಂದು. ಮೇಲಿನ ಗುಣಾಕಾರವನ್ನು ಈ ಬಿಂದುಗಳ ಮೇಲೆ ನಡೆಸಿದರೆ, ನಡುಬಿಂದುವಿನಿಂದ ಒಂದು ಅಳತೆಯ ದೂರಕ್ಕಿಂತ ಒಳಗಿನವು ಸೊನ್ನೆಗೆ ಇಳಿಯುತ್ತವೆ, ಹೊರಗಿನವು ಅನಂತಕ್ಕೆ ಓಡುತ್ತವೆ. ಎರಡಕ್ಕೂ ನಡುವಣ ಎಲ್ಲೆ ನುಣುಪಾದ ಒಂದು ವೃತ್ತ. ಆ ಎಲ್ಲೆಯೇ ಈ ಲೆಕ್ಕದ ಜೂಲಿಯಾ ಗಣ. ಅದರ ಮೇಲೆ ನಿಂತ ಬಿಂದುವನ್ನು ಕೂದಲೆಳೆಯಷ್ಟು ಒಳಕ್ಕೆ ತಳ್ಳಿದರೆ ಒಂದು ಗತಿ, ಹೊರಕ್ಕೆ ತಳ್ಳಿದರೆ ಇನ್ನೊಂದು ಗತಿ.

ಇಲ್ಲಿಯವರೆಗೆ ಆಶ್ಚರ್ಯವೇನೂ ಇಲ್ಲ. ಆದರೆ ಪ್ರತಿಸಲ ಗುಣಿಸಿದ ಮೇಲೆ ಒಂದು ಗೊತ್ತಾದ ಸಂಖ್ಯೆಯನ್ನು ಕೂಡಿಸುತ್ತ ಹೋದರೆ, ಆ ವೃತ್ತವು ಕೂಡಲೇ ಸುಕ್ಕಾಗುತ್ತದೆ. ಕೂಡಿಸುವ ಸಂಖ್ಯೆ ಸೊನ್ನೆಯೂ ಋಣ ಎರಡೂ ಆಗಿರದ ಪಕ್ಷದಲ್ಲಿ, ಎಲ್ಲೆಯು ಎಲ್ಲಿಯೂ ನುಣುಪಾಗಿ ಉಳಿಯುವುದಿಲ್ಲ. ಅದರ ಯಾವ ತುಣುಕನ್ನು ಹಿಗ್ಗಿಸಿದರೂ ಇಡಿಯ ಎಲ್ಲೆಯ ಒರಟುತನವೇ ಮತ್ತೆ ಕಾಣುತ್ತದೆ. ಕೆಲವು ಸಂಖ್ಯೆಗಳಿಗೆ ಅದು ಕೊಂಬೆಯೊಡೆದ ಮಿಂಚಿನಂತೆ, ಕೆಲವಕ್ಕೆ ಕಿವಿ ನಿಮಿರಿಸಿದ ಮೊಲಗಳ ಸರದಂತೆ, ಮತ್ತೆ ಕೆಲವಕ್ಕೆ ನೆಲದ ಮೇಲೆ ಚೆಲ್ಲಿದ ರವೆಯಂತೆ ಚೂರುಚೂರಾಗಿ ತೋರುತ್ತದೆ. ಜೂಲಿಯಾ ಅವರು ಸಾಧಿಸಿದುದು ಈ ಒಂದು ಲೆಕ್ಕಕ್ಕೆ ಮಾತ್ರವಲ್ಲ, ಇದಕ್ಕಿಂತ ಬಹು ತೊಡಕಾದ ಲೆಕ್ಕಗಳ ಒಂದು ದೊಡ್ಡ ವರ್ಗಕ್ಕೇ ಅನ್ವಯಿಸುವಂಥದು. ೧೯೧೮ರಲ್ಲಿ ಅಚ್ಚಾದ ಆ ಪ್ರಬಂಧವು ಸುಮಾರು ಇನ್ನೂರು ಪುಟಗಳದು. ಒಂದು ಚಿತ್ರವನ್ನು ನಿಜವಾಗಿ ಬರೆಯಬೇಕಾದರೆ ಲಕ್ಷಗಟ್ಟಲೆ ಬಿಂದುಗಳ ಲೆಕ್ಕ ಬೇಕು. ಕೈಯಿಂದ ಅದು ಆಗದ ಮಾತು. ಆದುದರಿಂದ ಅವರು ಆ ಆಕೃತಿಗಳನ್ನು ಕಂಡುದು ಕಣ್ಣಿನಿಂದಲ್ಲ, ತರ್ಕದಿಂದ. ೧೯೨೫ರಲ್ಲಿ ಜರ್ಮನಿಯ ಹ್ಯೂಬರ್ಟ್ ಕ್ರೆಮರ್ ಎಂಬ ಗಣಿತಜ್ಞರು ಅಂತಹದೊಂದನ್ನು ಕೈಯಿಂದ ಬರೆದು ಪ್ರಕಟಿಸಿದರು. ಅದು ಸ್ಥೂಲವಾದ ರೇಖಾಚಿತ್ರ, ಅಷ್ಟೆ.

ಈಗ ಈ ಕಥೆಯಲ್ಲಿ ಇನ್ನೊಬ್ಬರನ್ನು ಕರೆತರಬೇಕಾಗಿದೆ. ಅವರನ್ನು ಬಿಟ್ಟು ಜೂಲಿಯಾ ಅವರ ಚರಿತ್ರೆ ಬರೆಯುವುದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಪ್ಯಾರಿಸಿನ ಖಗೋಳ ವೀಕ್ಷಣಾಲಯದಲ್ಲಿ ಪಿಯೇರ್ ಫಾತು ಎಂಬವರು ೧೯೦೧ರಿಂದ ಕೆಲಸದಲ್ಲಿದ್ದರು. ಹಗಲು ನೌಕರಿಯ ಲೆಕ್ಕಾಚಾರ; ಬಿಡುವಿನಲ್ಲಿ ಶುದ್ಧಗಣಿತ. ಆರೋಗ್ಯ ಅಷ್ಟಕ್ಕಷ್ಟೆ. ಮೇಲೆ ಹೇಳಿದ ಲೆಕ್ಕದ ಜಾಡನ್ನು ೧೯೦೬ರಷ್ಟು ಹಿಂದೆಯೇ ಹಿಡಿದಿದ್ದವರು ಅವರು. ಫ್ರೆಂಚ್ ವಿಜ್ಞಾನ ಅಕಾಡೆಮಿಯು ೧೯೧೮ರ ಮಹಾಬಹುಮಾನಕ್ಕೆ ಇದೇ ವಿಷಯವನ್ನು ಗೊತ್ತುಮಾಡಿ ಯುದ್ಧದ ನಡುವೆಯೇ ಸಾರಿತ್ತು. ಜೂಲಿಯಾ ಅವರು ತಮ್ಮ ಫಲಿತಾಂಶಗಳನ್ನು ೧೯೧೭ರಲ್ಲಿ ಮುದ್ರೆಯೊತ್ತಿದ ಲಕೋಟೆಗಳಲ್ಲಿಟ್ಟು ಒಂದೊಂದಾಗಿ ಅಕಾಡೆಮಿಗೆ ಒಪ್ಪಿಸಿದ್ದರು. ಡಿಸೆಂಬರಿನಲ್ಲಿ ಫಾತು ಅವರ ಟಿಪ್ಪಣಿಯೊಂದು ಅಚ್ಚಾಯಿತು. ಅದರಲ್ಲಿದ್ದುದು ಬಹುಮಟ್ಟಿಗೆ ಅದೇ ಮಾತು. ಜೂಲಿಯಾ ಅವರು ಒಡನೆಯೇ ಪತ್ರ ಬರೆದು, ಲಕೋಟೆಗಳನ್ನು ಒಡೆದು ನೋಡಿ ಮೊದಲಿಗರಾರೆಂದು ತೀರ್ಮಾನಿಸಬೇಕೆಂದು ಕೇಳಿದರು. ಒಡೆದು ನೋಡಿದರು; ತೀರ್ಮಾನ ಜೂಲಿಯಾ ಅವರ ಕಡೆಗಾಯಿತು. ಫಾತು ಅವರು ಸ್ಪರ್ಧೆಗೆ ನಿಲ್ಲಲೇ ಇಲ್ಲ. ಮಹಾಬಹುಮಾನ ಜೂಲಿಯಾ ಅವರಿಗೆ ಬಂದಿತು.

ಲಕೋಟೆಗಳು ಸುಳ್ಳಲ್ಲ; ಜೂಲಿಯಾ ಅವರ ಕೆಲಸವೂ ಯಾರಿಂದಲೂ ಎರವಲು ತಂದುದಲ್ಲ. ಇಬ್ಬರೂ ಒಂದೇ ಕಾಲದಲ್ಲಿ, ಒಬ್ಬರನ್ನೊಬ್ಬರು ಕಾಣದೆ, ಒಂದೇ ಬಾಗಿಲಿಗೆ ಬಂದಿದ್ದರು. ಆದರೆ ಎಷ್ಟೋ ಮಂದಿ ತರುಣ ವಿದ್ವಾಂಸರನ್ನು ಯುದ್ಧವು ನುಂಗಿದ ಆ ದಿನಗಳಲ್ಲಿ, ಮುಖ ಒಡೆದು ಬಂದ ಇಪ್ಪತ್ತನಾಲ್ಕರ ಯೋಧನ ಎದುರಿಗೆ, ವೀಕ್ಷಣಾಲಯದ ನಡುವಯಸ್ಸಿನ ನೌಕರನೊಬ್ಬನ ಹಕ್ಕಿನ ಮಾತು ಯಾರ ಕಿವಿಗೆ ಬಿದ್ದೀತು? ಫಾತು ಅವರು ಗದ್ದಲ ಮಾಡಲಿಲ್ಲ. ತಮ್ಮ ದೀರ್ಘ ಪ್ರಬಂಧಗಳನ್ನು ೧೯೧೯, ೧೯೨೦ರಲ್ಲಿ ಪ್ರಕಟಿಸಿ, ೧೯೨೯ರಲ್ಲಿ ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಜೂಲಿಯಾ ಅವರ ಮುಂದಿನ ಏಳಿಗೆಯನ್ನು ಚಿಕ್ಕದಾಗಿ ಹೇಳಿದರೆ ಸಾಕು. ೧೯೨೫ರಲ್ಲಿ ಸೋರ್ಬಾನಿನಲ್ಲಿ ಪ್ರಾಧ್ಯಾಪಕರು. ೧೯೩೪ರಲ್ಲಿ ಅಕಾಡೆಮಿಯ ಸದಸ್ಯರು. ೧೯೩೭ರಲ್ಲಿ, ಹಿಂದೊಮ್ಮೆ ತಾವು ಒಲ್ಲೆನೆಂದ ಪಾಲಿಟೆಕ್ನಿಕ್ಕಿನಲ್ಲಿಯೇ ಅಧ್ಯಾಪಕರು. ೧೯೫೦ರಲ್ಲಿ ಅಕಾಡೆಮಿಯ ಅಧ್ಯಕ್ಷರು. ೧೯೩೩ರಿಂದ ೧೯೩೯ರ ವರೆಗೆ ಪ್ಯಾರಿಸಿನ ತರುಣ ಗಣಿತಜ್ಞರು ನಡೆಸಿದ ವಿಚಾರಗೋಷ್ಠಿಗೆ ಅವರ ಹೆಸರಿನ ಆಸರೆ ಇತ್ತು. ಎರಡನೆಯ ಮಹಾಯುದ್ಧದ ಕಾಲದ ಒಂದು ಸಂಗತಿಯನ್ನು ಮಾತ್ರ ಮುಚ್ಚಿಡಲಾಗದು. ಜರ್ಮನರು ಪ್ಯಾರಿಸನ್ನು ಆಕ್ರಮಿಸಿದ್ದಾಗ, ಅವರು ನಡೆಸುತ್ತಿದ್ದ ಗಣಿತವಿಮರ್ಶೆಯ ಪತ್ರಿಕೆಯೊಂದಕ್ಕೆ ಜೂಲಿಯಾ ಅವರು ಸಹಕಾರವಿತ್ತರು. ತಮ್ಮ ಮುಖವನ್ನು ಒಡೆದವರ ಸೇನೆಯೇ ಊರಿನ ಬೀದಿಗಳಲ್ಲಿ ನಡೆಯುತ್ತಿದ್ದಾಗ ಅವರು ಹೀಗೇಕೆ ಮಾಡಿದರೆಂಬುದು ಅವರ ದೇಶದವರನ್ನೇ ಕಾಡಿದ ಪ್ರಶ್ನೆ. ೧೯೪೪ರಲ್ಲಿ ಪ್ಯಾರಿಸಿನ ಬಿಡುಗಡೆಯಾದ ಮೇಲೆ ಅವರನ್ನು ಕೆಲಕಾಲ ಕೆಲಸದಿಂದ ದೂರವಿರಿಸಿ, ತರುವಾಯ ಮರಳಿ ಸೇರಿಸಿಕೊಂಡರು. ಕಂದಕದಲ್ಲಿ ಚೀಟಿ ಬರೆದ ಕೈಯೇ ಆ ಸಹಕಾರಕ್ಕೂ ಒಪ್ಪಿತೆಂಬುದನ್ನು ವಾಚಕರು ಒಟ್ಟಿಗೇ ನೆನಪಿನಲ್ಲಿಡಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ನಮಗೆ ಸರಿಕಾಣದು.

ಅಷ್ಟರಲ್ಲಿ ಅವರ ೧೯೧೮ರ ಪ್ರಬಂಧವು ಬಹುಮಟ್ಟಿಗೆ ಕಪಾಟಿನ ವಸ್ತುವಾಗಿಬಿಟ್ಟಿತ್ತು. ಪಾಲಿಟೆಕ್ನಿಕ್ಕಿನಲ್ಲಿ ೧೯೪೫ರಿಂದ ೧೯೪೭ರ ವರೆಗೆ ಅವರ ಪಾಠ ಕೇಳಿದವರಲ್ಲಿ ಪೋಲೆಂಡಿನಿಂದ ಬಂದ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎಂಬ ತರುಣರೊಬ್ಬರು. ಇವರ ಚಿಕ್ಕಪ್ಪನವರೂ ಗಣಿತದ ಪ್ರಾಧ್ಯಾಪಕರು. ಜೂಲಿಯಾ ಅವರ ಆ ಹಳೆಯ ಪ್ರಬಂಧವನ್ನು ಓದೆಂದು ಹುಡುಗನ ಕೈಗಿತ್ತರು. ಹುಡುಗನಿಗೆ ಅದು ರುಚಿಸಲಿಲ್ಲ. ಸುಮಾರು ಮೂವತ್ತು ವರ್ಷಗಳಾದ ಮೇಲೆ, ಅಮೆರಿಕದ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ದೊಡ್ಡ ಗಣಕಯಂತ್ರಗಳು ಕೈಗೆ ಸಿಕ್ಕಿದಾಗ, ಅದೇ ಮ್ಯಾಂಡೆಲ್‌ಬ್ರಾಟ್ ಅವರು ಅದೇ ಪ್ರಬಂಧಕ್ಕೆ ಮರಳಿದರು. ಫ್ರ್ಯಾಕ್ಟಲ್ ಎಂಬ ಪದವನ್ನು ೧೯೭೫ರಲ್ಲಿ ಬಳಕೆಗೆ ತಂದವರೂ ಅವರೇ. ಅವರ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವ ಆ ಕರಿಯ ಆಕೃತಿಯ ಚಿತ್ರಗಳನ್ನು ಅವರು ಪ್ರಕಟಿಸಿದುದು ೧೯೮೦ರಲ್ಲಿ. ಜೂಲಿಯಾ ಅವರು ೧೯೭೮ನೆಯ ಮಾರ್ಚ್ ೧೯ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ಕಣ್ಣು ಮುಚ್ಚಿದ್ದರು. ಎರಡು ವರ್ಷಗಳ ಅಂತರ.

ಆ ಕರಿಯ ಆಕೃತಿಗೂ ಜೂಲಿಯಾ ಅವರಿಗೂ ಏನು ಸಂಬಂಧವೆಂದು ಕೇಳಬಹುದು. ಜೂಲಿಯಾ, ಫಾತು ಇಬ್ಬರೂ ಸಾಧಿಸಿದ್ದ ಒಂದು ನಿಯಮ ಹೀಗಿದೆ: ಗುಣಿಸಿ ಕೂಡಿಸುವ ಆ ಲೆಕ್ಕವನ್ನು ಸೊನ್ನೆಯಿಂದ ಆರಂಭಿಸಿರಿ, ಮೊತ್ತವು ಅನಂತಕ್ಕೆ ಓಡಿದರೆ ಆ ಕೂಡಿಕೆಯ ಸಂಖ್ಯೆಯ ಜೂಲಿಯಾ ಗಣ ಧೂಳು, ಓಡದಿದ್ದರೆ ಅದು ಒಂದೇ ತುಂಡು. ಒಂದನ್ನು ಕೂಡಿಸುತ್ತ ಹೋಗಿ ನೋಡಿರಿ: ೦, ೧, ೨, ೫, ೨೬, ೬೭೭. ಓಡಿತು, ಧೂಳು. ಋಣ ಒಂದನ್ನು ಕೂಡಿಸಿರಿ: ೦, ಋಣ ೧, ಮತ್ತೆ ೦, ಮತ್ತೆ ಋಣ ೧. ಓಡಲಿಲ್ಲ, ಒಂದೇ ತುಂಡು. ಹೀಗೆ ಓಡದ ಸಂಖ್ಯೆಗಳನ್ನೆಲ್ಲ ಕಪ್ಪು ಮಾಡಿ ಬರೆದ ನಕ್ಷೆಯೇ ಆ ಕರಿಯ ಆಕೃತಿ. ಸುತ್ತಲಿನ ಬಣ್ಣಗಳು, ಮೊತ್ತವು ಎರಡು ಎಂಬ ದೂರವನ್ನು ದಾಟಲು ಎಷ್ಟು ಹೆಜ್ಜೆ ಹಿಡಿಯಿತೆಂಬುದರ ಗುರುತು. ಒಮ್ಮೆ ಅದನ್ನು ದಾಟಿದ ಮೇಲೆ ಮರಳಿ ಬರುವ ಮಾತಿಲ್ಲ.

೧೯೮೮ರ ಸುಮಾರಿಗೆ ಫ್ರ್ಯಾಕ್ಟಿಂಟ್ ಎಂಬ ತಂತ್ರಾಂಶವನ್ನು ಹವ್ಯಾಸಿಗಳ ಗುಂಪೊಂದು ಮಾಡಿ ಉಚಿತವಾಗಿ ಹಂಚಿತು. ಆಗಿನ ಅಗ್ಗದ ಯಂತ್ರಗಳಲ್ಲಿ ದಶಮಾಂಶದ ಲೆಕ್ಕ ಬಹು ನಿಧಾನ. ಆದುದರಿಂದ ಅವರು ಪೂರ್ಣಾಂಕಗಳಲ್ಲಿಯೇ ಲೆಕ್ಕವನ್ನು ಹೊಂದಿಸಿ ವೇಗ ಪಡೆದರು. ೧೯೯೬ರಲ್ಲಿ ಬಂದ ಕ್ಸಾವೋಸ್ ಇನ್ನೊಂದು ಉಪಾಯ ಮಾಡಿತು: ಹಿಗ್ಗಿಸುವಾಗ ಹಿಂದಿನ ಚಿತ್ರದಲ್ಲಿ ಆಗಲೇ ಲೆಕ್ಕ ಹಾಕಿದ ಬಿಂದುಗಳನ್ನು ಬಿಸಾಡದೆ ಹೊಸ ಚಿತ್ರದಲ್ಲಿ ಸಾಧ್ಯವಾದಷ್ಟು ಮರುಬಳಕೆ ಮಾಡುವುದು. ಇದರಿಂದಲೇ ಚಿತ್ರವು ನಿಲ್ಲದೆ ಹರಿದುಬಂದಂತೆ ತೋರುತ್ತದೆ. ಬಹಳ ಆಳಕ್ಕಿಳಿದ ಮೇಲೆ ಅಂಚು ಮಬ್ಬಾಗಿ ಕಪ್ಪು ಹರಡಿದರೆ ಹೆದರಬೇಕಾಗಿಲ್ಲ. ಹೆಜ್ಜೆಗಳ ಮಿತಿಯನ್ನು ಪಟ್ಟಿಯಿಂದ ಹೆಚ್ಚಿಸಿದರೆ ತಿಳಿಯಾಗುತ್ತದೆ. ಇನ್ನೂ ಆಳದಲ್ಲಿ ಚಿತ್ರವು ಚೌಕಚೌಕವಾಗಿ ಒಡೆಯುವುದು; ಅದು ಗಣಿತದ ಕೊನೆಯಲ್ಲ, ಯಂತ್ರವು ನೆನಪಿಡುವ ಅಂಕಿಗಳ ಕೊನೆ.

ಕ್ಸಾವೋಸಿನಲ್ಲಿ ಕರಿಯ ಆಕೃತಿಯನ್ನು ಮುಂದಿಟ್ಟುಕೊಂಡು ಕೀಲಿಮಣೆಯ ಜೆ ಅಕ್ಷರವನ್ನು ಒತ್ತಿ, ಎಡಗುಂಡಿಯನ್ನು ಹಿಡಿದು ಮೌಸನ್ನು ಮೆಲ್ಲನೆ ಸರಿಸಿದರೆ, ಆಯಾ ಬಿಂದುವಿನ ಜೂಲಿಯಾ ಗಣವು ಮೂಲೆಯಲ್ಲಿ ಪುಟ್ಟದಾಗಿ ಮೂಡಿ, ಮೌಸು ಸರಿದಂತೆ ರೂಪ ಬದಲಿಸುತ್ತದೆ. ಕಪ್ಪಿನ ನಡುವೆ ಇರುವಷ್ಟು ಹೊತ್ತು ಅದು ಉಬ್ಬುತ್ತ ಸೊರಗುತ್ತ ಒಂದೇ ತುಂಡಾಗಿರುತ್ತದೆ. ಅಂಚಿನ ಬಳಿಗೆ ಬಂದಂತೆ ಸೊಂಟ ತೆಳುವಾಗಿ, ಕೊಂಬೆಗಳು ಹೆಚ್ಚಿ, ಅಂಚನ್ನು ದಾಟಿದ ಗಳಿಗೆಯಲ್ಲಿ ಚೂರುಚೂರಾಗಿ ಚೆಲ್ಲಿಹೋಗುತ್ತದೆ. ೧೯೧೮ರ ನಿಯಮವು ಕಣ್ಣೆದುರಿಗೆ ನಡೆಯುವುದು ಹೀಗೆ. ತಂತ್ರಾಂಶದ ಪಟ್ಟಿಯಲ್ಲಿ ಜೂಲಿಯಾ ಅವರ ಹೆಸರಿದೆ, ಮ್ಯಾಂಡೆಲ್‌ಬ್ರಾಟ್ ಅವರ ಹೆಸರಿದೆ. ಗಣಿತಜ್ಞರ ಪುಸ್ತಕಗಳಲ್ಲಿ ಮಾತ್ರ, ಎಲ್ಲೆಗೆ ಜೂಲಿಯಾ ಗಣವೆಂದೂ ಎಲ್ಲೆಯನ್ನುಳಿದ ಶಾಂತವಾದ ಬಯಲಿಗೆಲ್ಲ ಫಾತು ಗಣವೆಂದೂ ಹೆಸರಿಟ್ಟಿದ್ದಾರೆ. ಅಂಚು ದಾಟಿದಾಗ ಚೆಲ್ಲುವ ಆ ಚೂರುಗಳಿಗೆ ಅವರ ಭಾಷೆಯಲ್ಲಿ ಫಾತು ಧೂಳು ಎಂದು ಹೆಸರು.